ಪ್ರಮಾಣ ಮಾಡಿಸುವ ಕೆಲಸ

ಕೋರ್ಟಿನ ಕೆಲಸಕ್ಕೆ ಹೊಸದಾಗಿ ಸೇರಿದವರು ಮನೆಗೆ ಬಂದರೆ ಮೊದಲು ಕೇಳುವುದು ಬಡ್ತಿಯ ಬಗ್ಗೆ, ಆಮೇಲೆ ವರ್ಗಾವಣೆಯ ಬಗ್ಗೆ. ಎರಡರ ಬಗ್ಗೆಯೂ ನನಗೆ ಹೇಳುವಂಥದ್ದು ಏನೂ ಇಲ್ಲ. ಬರುವಾಗ ಬಂದವು, ಹೋಗೆಂದಾಗ ಹೋದೆ. ಫೈಲು ಕಟ್ಟುವುದು, ತಾರೀಖು ಹಾಕುವುದು, ಸಮನ್ಸು ಕಳಿಸುವುದು ಇವನ್ನೆಲ್ಲ ಒಂದು ಮಳೆಗಾಲ ಮುಗಿಯುವುದರೊಳಗೆ ಯಾರಾದರೂ ಕಲಿತುಬಿಡುತ್ತಾರೆ. ನಾನು ಬರೆಯಬೇಕೆಂದಿರುವುದು ಬೇರೊಂದು ಕೆಲಸದ ಬಗ್ಗೆ. ಸಾಕ್ಷಿದಾರ ಕಟಕಟೆ ಹತ್ತಿದ ಕೂಡಲೆ ಅವನಿಂದ ಪ್ರಮಾಣ ಮಾಡಿಸುವುದು. ಗೋಕಾಕದಲ್ಲಿ, ಆಮೇಲೆ ಹುಕ್ಕೇರಿಯಲ್ಲಿ, ದಿವಾಣಿ, ಅಂದರೆ ಸಿವಿಲ್, ಕೋರ್ಟಿನ ಕಾರಕೂನನಾಗಿ ನಾನು ಎಲ್ಲಕ್ಕಿಂತ ಹೆಚ್ಚು ಸಲ ಮಾಡಿದ ಕೆಲಸ ಅದೇ.

ನೋಡುವವರಿಗೆ ಅದು ಒಂದು ಗಳಿಗೆಯ ಶಾಸ್ತ್ರ. "ದೇವರ ಸಾಕ್ಷಿಯಾಗಿ ಖರೆ ಹೇಳುತ್ತೇನೆ, ಖರೆ ಬಿಟ್ಟು ಬೇರೆ ಹೇಳುವುದಿಲ್ಲ" ಎಂದು ನಾವು ಅನ್ನಬೇಕು, ಅವನು ನಮ್ಮ ಹಿಂದೆ ಅನ್ನಬೇಕು. ಆದರೆ ಆ ಒಂದು ಸಾಲಿನಲ್ಲಿ ದೇವರು ಬರುತ್ತಾನೆ. ದೇವರು ಇದ್ದಾನೋ ಇಲ್ಲವೋ, ಇದ್ದರೆ ಎಂಥವನು ಎಂಬ ಪ್ರಶ್ನೆ ಮಠಗಳಲ್ಲಿ ಹುಟ್ಟುತ್ತದೆ ಎಂದು ಜನ ತಿಳಿದಿದ್ದಾರೆ. ನಾನು ಅದನ್ನು ಕಂಡದ್ದು ಕಟಕಟೆಯಲ್ಲಿ.

ನಮ್ಮದು ಕೊಣ್ಣೂರು. ಜೋಳ, ಕಬ್ಬು ಬೆಳೆಯುವ ಜೈನರ ಮನೆತನ. ಮನೆಯಲ್ಲಿ ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಾನು ಗೋಕಾಕದ ಕೋರ್ಟಿಗೆ ಸೇರಿದೆ. ಆಗ ನಾವು ಮುಂಬಯಿ ಪ್ರಾಂತಕ್ಕೆ ಸೇರಿದವರು. ನಮ್ಮ ಹೆಡ್ ಕ್ಲಾರ್ಕು ಗುಂಡಾಚಾರ್ಯರು. ಹುಕ್ಕೇರಿಯವರು. ಚಿಕ್ಕವರಿದ್ದಾಗ ಪಾಠಶಾಲೆಯಲ್ಲಿ ತರ್ಕ ಓದಿ, ಅದರಿಂದ ಹೊಟ್ಟೆ ತುಂಬುವುದಿಲ್ಲವೆಂದು ಕೋರ್ಟಿಗೆ ಬಂದವರು. ಮೊದಲ ದಿನವೇ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಿದರು.

"ಚೌಗಲಾ, ನಿಮ್ಮ ಮತದಾಗ ಜಗತ್ತು ಮಾಡಿದ ದೇವರು ಇಲ್ಲಲ್ಲ?"

"ಇಲ್ರಿ."

"ಮತ್ತ ದಿನಾ ಮಂದಿ ಕಡಿಂದ ಆ ಇಲ್ಲದ ದೇವರ ಆಣಿ ಹೆಂಗ ಮಾಡಿಸ್ತೀ?"

"ಆಣಿ ಮಾಡಾವ್ರು ಅವ್ರರಿ. ನಾ ಬರೇ ಹೇಳಿಕೊಡಾಂವ."

ಆಚಾರ್ಯರು ನಕ್ಕರು. "ಕಾರಕೂನ ಆಗಿ ಕೆಟ್ಟಿ. ವಕೀಲ ಆಗಬೇಕಾಗಿತ್ತು." ಆಮೇಲೆ ನಗು ನಿಲ್ಲಿಸಿ ಒಂದು ಮಾತು ಹೇಳಿದರು. "ಬಸ್ಸಿನ ಕಂಡಕ್ಟರ್ ಊರ ಹೆಸರು ಕೂಗಿದಂಗ ಕೂಗಬ್ಯಾಡ. ಸಾವಕಾಶ ಹೇಳು. ನೀ ನಂಬದಿದ್ರ ನಂಬಬ್ಯಾಡ, ಎದುರಿಗೆ ನಿಂತಾಂವ ನಂಬ್ಯಾನ." ಕೆಲಸದ ಬಗ್ಗೆ ನನಗೆ ಸಿಕ್ಕ ತರಬೇತಿ ಇಷ್ಟೇ. ಹೊಸಬರಿಗೆ ನಾನು ಇದಕ್ಕಿಂತ ಹೆಚ್ಚಿನದನ್ನು ಹೇಳಲಾರೆ.

ಆವತ್ತಿನಿಂದ ನಮ್ಮಿಬ್ಬರ ವಾದ ಶುರುವಾಯಿತು. ಮಧ್ಯಾಹ್ನದ ಬಿಡುವಿನಲ್ಲಿ ಕೋರ್ಟಿನ ಪಡಸಾಲೆಯಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದೆವು. ಅವರ ಬುತ್ತಿ ಅವರಿಗೆ, ನನ್ನದು ನನಗೆ, ನಡುವೆ ದೇವರು. ಆಚಾರ್ಯರ ಮೇಜಿನ ಮೇಲೆ ಗೋಕಾಕದ ಚಿತ್ರಗಾರರು ಮಾಡಿದ ಕಟ್ಟಿಗೆಯ ಮಾವಿನಹಣ್ಣು ಒಂದಿತ್ತು. ಕಾಗದ ಹಾರದಂತೆ ಇಡುತ್ತಿದ್ದರು. ಬಣ್ಣ ಎಷ್ಟು ಚೆನ್ನಾಗಿತ್ತೆಂದರೆ ಹೊಸ ವಕೀಲರು ಮೂಸಿ ನೋಡಿದ್ದುಂಟು. ಒಂದು ದಿನ ಅದನ್ನೇ ಕೈಯಲ್ಲಿ ಹಿಡಿದು ಬಂದರು.

"ಇದನ್ನ ನೋಡಿದ ಕೂಡ್ಲೆ ಯಾರೋ ಮಾಡ್ಯಾರ ಅಂತೀ. ಗಿಡದಾಗಿನ ಖರೆ ಹಣ್ಣು ಇದಕ್ಕಿಂತ ಎಷ್ಟು ಚೆಂದ ಅದ. ಅದನ್ನ ಯಾರೂ ಮಾಡಿಲ್ಲ ಅಂತೀಯಲ್ಲ?"

ನಮ್ಮೂರ ಬಸದಿಗೆ ಬರುತ್ತಿದ್ದ ಮುನಿಗಳ ಪ್ರವಚನ ಕೇಳಿ ಬೆಳೆದವನು ನಾನು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.

"ಇದನ್ನ ಮಾಡಿದಾಂವಗ ಕೈ ಐತ್ರಿ, ಉಳಿ ಐತಿ, ಹೊಟ್ಟಿ ಐತಿ. ಹಸಿವು ಐತಿ ಅಂತ ಮಾಡಿದ. ನಿಮ್ಮ ದೇವರಿಗೆ ಏನ ಕೊರತಿ ಇತ್ತಂತ ಜಗತ್ತ ಮಾಡಿದ? ಕೊರತಿ ಇದ್ರ ಅಂವ ದೇವರ ಅಲ್ಲ. ಕೊರತಿ ಇಲ್ಲಂದ್ರ ಮಾಡೂ ಕಾರಣ ಇಲ್ಲ."

"ಕೂಸು ಆಡತದಲ್ಲ, ಕೊರತಿ ಅದ ಅಂತ ಆಡತದೇನು? ಆನಂದ ಹೆಚ್ಚಾಗಿ ಆಡತದ. ಅವನದೂ ಹಂಗ."

"ಹಂಗಾದ್ರ ಬರಗಾಲ, ಪ್ಲೇಗು ಇವೂ ಆಟೇನ್ರಿ?"

ಆಚಾರ್ಯರು ಬಾಯಿ ತೆರೆಯುವಷ್ಟರಲ್ಲಿ ಕೋರ್ಟಿನ ಜವಾನ, ನಮ್ಮ ಪಟ್ಟೇವಾಲಾ, ಬಂದು ನ್ಯಾಯಾಧೀಶ ಸಾಹೇಬರು ಕೂತರು ಎಂದ. ನಮ್ಮ ವಾದಗಳಲ್ಲಿ ನಾವಾಗಿ ಮುಗಿಸಿದ್ದು ಒಂದೂ ಇಲ್ಲ. ಎಲ್ಲವನ್ನೂ ಪಟ್ಟೇವಾಲಾನೇ ಮುಗಿಸಿದ.

ಕೆಲಸಕ್ಕೆ ಸೇರಿದ ಸ್ವಲ್ಪ ಕಾಲದಲ್ಲೇ ದೇವರೇ ಫಿರ್ಯಾದಿಯಾಗಿ ಬಂದ ದಾವೆಯೊಂದು ನಮ್ಮಲ್ಲಿ ನಡೆಯಿತು. ಧುಪದಾಳದ ಆಚೆಗಿನ ಒಂದು ಹಳ್ಳಿ. ಹಣಮಂತದೇವರಿಗೆ ಯಾರೋ ಹಿಂದಿನವರು ಬಿಟ್ಟ ಹೊಲವನ್ನು ಒಬ್ಬ ರೈತ ತನ್ನದೆಂದು ಉಳುತ್ತಿದ್ದ. ಕಾನೂನಿನಲ್ಲಿ ದೇವರಿಗೆ ಆಸ್ತಿ ಇರಬಹುದು, ಆದರೆ ಅವನು ಬಂದು ಸಹಿ ಹಾಕುವುದಿಲ್ಲ, ಮಾತಾಡುವುದಿಲ್ಲ. ಆದ್ದರಿಂದ ಅವನನ್ನು ಎಂದಿಗೂ ವಯಸ್ಸಿಗೆ ಬರದ ಮಗುವಿನಂತೆ ನೋಡುತ್ತಾರೆ. ಅವನ ಪರವಾಗಿ ಒಬ್ಬ ಪಾಲಕ ದಾವೆ ಹೂಡುತ್ತಾನೆ. ಇಲ್ಲಿ ಪೂಜಾರಿ ರಾಮಪ್ಪನೇ ಪಾಲಕ. ನಮ್ಮ ಕಡೆಯ ಕೋರ್ಟಿನ ಭಾಷೆಯಲ್ಲಿ ಆಗ ವಯಸ್ಸಿಗೆ ಬರದವರನ್ನು 'ಅಜ್ಞಾನ' ಎಂದೇ ಬರೆಯುತ್ತಿದ್ದರು. ಮರಾಠಿಯಿಂದ ಬಂದ ರೂಢಿ. ದಾವೆಯ ಹೆಸರು ಕರೆಯುವುದು ನನ್ನ ಕೆಲಸ. ಬರೆದದ್ದನ್ನು ಬರೆದ ಹಾಗೆ ಕರೆದೆ.

"ಅಜ್ಞಾನ ಹಣಮಂತದೇವರು, ಅವರ ಪಾಲಕ ರಾಮಪ್ಪ!"

ಹಿಂದೆ ಕೂತ ಊರವರೆಲ್ಲ ಎದ್ದು ನಿಂತರು. ರಾಮಪ್ಪ ಮುಂದೆ ಬಂದವನೇ ನನ್ನನ್ನು ಕೇಳಿದ. "ಯಾರ್ರಿ ಅಜ್ಞಾನ?"

"ಅದು ಕಾನೂನಿನ ಮಾತಪ್ಪಾ, ಸಣ್ಣ ವಯಸ್ಸಿನಾವ್ರಿಗೆ ಹಂಗ ಬರೀತಾರ."

"ನಮ್ಮಪ್ಪ, ನಮ್ಮ ಮುತ್ತ್ಯಾ ಅವನ ಪೂಜಿ ಮಾಡ್ಯಾರ. ಸಣ್ಣಾಂವ ಹೆಂಗ ಆದಾನ್ರಿ? ಎಲ್ಲಾ ತಿಳದಾಂವಗ ಅಜ್ಞಾನ ಅಂತ ಬರದ್ರ ನಾ ಊರಾಗ ಮುಖ ಹೆಂಗ ತೋರಿಸ್ಲಿ? ಹೊಲ ಹೋದ್ರ ಹೋಗ್ಲಿ, ಈ ದಾವೇನ ಬ್ಯಾಡ."

ಸಾಹೇಬರು ಪೂನಾದ ಕಡೆಯವರು, ಸಮಾಧಾನಿ. "ಅವನಿಗೆ ಎಲ್ಲವೂ ಗೊತ್ತು, ಒಪ್ಪಿದೆ. ಆದರೆ ಕೋರ್ಟಿಗೆ ಬಂದು ಹೇಳುವುದಿಲ್ಲವಲ್ಲ?" ಎಂದು ಕೇಳಿದರು. ರಾಮಪ್ಪ ಸೋಲಲಿಲ್ಲ. "ಹೇಳೂದಿಲ್ಲ ಅಂದ ಮಾತ್ರಕ್ಕ ತಿಳಿಯೂದಿಲ್ಲ ಅಂತೇನ್ರಿ?" ಎಂದ. ಕೊನೆಗೆ ವಕೀಲರೇ ಅರ್ಜಿ ಕೊಟ್ಟು ಆ ಒಂದು ಶಬ್ದ ತೆಗೆಸಿದರು. 'ಪಾಲಕರ ಮುಖಾಂತರ' ಎಂಬುದಷ್ಟೇ ಉಳಿಯಿತು. ಅದರಿಂದ ಕಾನೂನಿಗೆ ಏನೂ ಕಡಿಮೆಯಾಗಲಿಲ್ಲ. ಅಂದು ಕಲಿತದ್ದು, ಕೋರ್ಟಿನ ಶಬ್ದ ಕೋರ್ಟಿನ ಹೊಸಿಲು ದಾಟಿದರೆ ಅದರ ಅರ್ಥ ನಮ್ಮ ಕೈಯಲ್ಲಿ ಇರುವುದಿಲ್ಲ.

ಆ ದಾವೆ ಅಲ್ಲಿಗೇ ನಿಲ್ಲಲಿಲ್ಲ. ರೈತನ ವಕೀಲ ಜಾಣ. ವಾದದ ದಿನ ಎದ್ದು ನಿಂತು ಹೀಗೆಂದ. "ಪೂಜಾರಿಯೇ ಹೇಳುತ್ತಾನೆ ದೇವರಿಗೆ ಎಲ್ಲ ಗೊತ್ತು ಎಂದು. ಹಾಗಾದರೆ ನನ್ನ ಕಕ್ಷಿದಾರ ಇಷ್ಟು ವರ್ಷ ಉಳುವುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದ. ಸುಮ್ಮನಿದ್ದದ್ದು ಒಪ್ಪಿಗೆ. ದಾವೆ ಹೂಡುವ ಅವಧಿ ಮೀರಿದೆ, ದಾವೆ ನಿಲ್ಲುವುದಿಲ್ಲ." ಸಾಹೇಬರು ಅದನ್ನೂ ಬರೆದುಕೊಂಡರು. ತೀರ್ಪಿನಲ್ಲಿ, ಅವಧಿ ಎಣಿಸುವುದಕ್ಕೆ ಪಾಲಕನ ತಿಳಿವಳಿಕೆ ಮುಖ್ಯವೇ ಹೊರತು ದೇವರದಲ್ಲ ಎಂದು ಬರೆದು, ಹೊಲವನ್ನು ಗುಡಿಗೆ ಕೊಟ್ಟರು. ಪಡಸಾಲೆಯಲ್ಲಿ ನಾನು ಆಚಾರ್ಯರನ್ನು ಕೆಣಕಿದೆ. "ವಕೀಲ ಹೇಳಿದ್ದರಾಗ ತಪ್ಪೇನ್ರಿ?"

"ದೇವರು ಸುಮ್ನಿದ್ದದ್ದು ಒಪ್ಪಿಗಿ ಅಂತ ಹಿಡದ್ರ, ಭೂಮಿ ಮ್ಯಾಲಿನ ಕಳ್ಳರೆಲ್ಲಾ ಇವತ್ತ ಬಿಡುಗಡಿ ಆಗತಾರ" ಎಂದರು ಆಚಾರ್ಯರು.  ತಮ್ಮ ಮಾತು ಮೇಲಾದ ದಿನ ಅವರು ಬುತ್ತಿಯ ಕೊನೆಯ ತುತ್ತನ್ನು ನಿಧಾನವಾಗಿ ತಿನ್ನುತ್ತಿದ್ದರು.

ಇಷ್ಟು ಹೊತ್ತು ಹೇಳಿದ್ದು ನಗುವ ಸಂಗತಿ. ಮೂಡಲಗಿಯ ದಾವೆ ಹಾಗಲ್ಲ.

ಆಗಿನ ಕಾನೂನಿನಲ್ಲಿ ಒಂದು ಅವಕಾಶವಿತ್ತು. ದಾವೆಯಲ್ಲಿ ಒಂದು ಪಕ್ಷದವರು, "ಎದುರಿನವರು ಇಂಥ ಗುಡಿಯಲ್ಲಿ ಇಂಥ ಆಣೆ ಮಾಡಿ ಹೇಳಲಿ, ಹೇಳಿದರೆ ನಾನು ಸೋತೆ" ಎನ್ನಬಹುದು. ಎದುರಿನವರು ಒಪ್ಪಿದರೆ ಕೋರ್ಟು ಒಬ್ಬನನ್ನು ಆ ಗುಡಿಗೆ ಕಳಿಸಿ ಆಣೆ ಮಾಡಿಸುತ್ತಿತ್ತು. ಅಲ್ಲಿ ಆಡಿದ ಮಾತೇ ಕೊನೆ. ಮುಂದೆ ಬೇರೆ ಸಾಕ್ಷಿ ಬೇಡ. ಆಣೆ ಮಾಡದೆ ಹಿಂದೆ ಸರಿದರೆ ಮಾತ್ರ ದಾವೆ ಮೊದಲಿನಂತೆ ನಡೆಯುತ್ತಿತ್ತು. ಆ ಕಾನೂನು ಈಗಿಲ್ಲ.

ಮೂಡಲಗಿಯ ಗಂಗವ್ವ ಎಂಬ ವಿಧವೆ ತನ್ನ ಮೈದುನ ರುದ್ರಪ್ಪನ ಮೇಲೆ ದಾವೆ ಹಾಕಿದ್ದಳು. ಗಂಡ ಬದುಕಿದ್ದಾಗಲೇ ಅಣ್ಣ ತಮ್ಮ ಹೊಲ ಹಂಚಿಕೊಂಡಿದ್ದರು, ಗಂಡನ ಪಾಲು ತನಗೆ ಬರಬೇಕು ಎಂದು ಅವಳು. ಹಂಚಿಕೆ ಆಗಿಯೇ ಇಲ್ಲ, ಹೊಲ ಒಟ್ಟಿಗಿದೆ, ಅವಳಿಗೆ ಅನ್ನ ಬಟ್ಟೆ ಕೊಟ್ಟರೆ ಸಾಕು ಎಂದು ರುದ್ರಪ್ಪ. ಬಾಯಿಮಾತಿನ ಹಂಚಿಕೆ, ನಮ್ಮ ಕಡೆ ವಾಟ್ನಿ ಅನ್ನುತ್ತಾರೆ, ಕಾಗದವಿಲ್ಲ. ಆಗ ಹಾಜರಿದ್ದ ಪಂಚರು ತೀರಿಕೊಂಡಿದ್ದರು. ವಿಚಾರಣೆ ಎಳೆಯುತ್ತಿರುವಾಗ ಒಂದು ದಿನ ರುದ್ರಪ್ಪ ತಾನಾಗಿಯೇ ಎದ್ದು, "ನಮ್ಮ ಮನಿದೇವರ ಗುಡ್ಯಾಗ ದೀಪದ ಮ್ಯಾಲ ಕೈ ಇಟ್ಟು ವಾಟ್ನಿ ಆಗಿತ್ತಂತ ಅಕಿ ಹೇಳ್ಲಿ. ಅಕಿ ಹೇಳಿದ್ರ ಇವತ್ತ ಹೊಲ ಬಿಡತೇನಿ" ಎಂದ. ಗಂಗವ್ವ ತಲೆ ಎತ್ತದೆ ಹೂಂ ಎಂದಳು. ಸಾಹೇಬರು ನನ್ನನ್ನು ಕಳಿಸಿದರು.

ಬಸ್ಸು ಇಳಿದು ಗುಡಿಗೆ ಹೋದಾಗ ಬಿಸಿಲು ಏರಿತ್ತು. ಅರ್ಧ ಊರು ಅಲ್ಲಿತ್ತು. ಗಂಗವ್ವ ತಲೆಗೆ ನೀರು ಹಾಕಿಕೊಂಡು ಒದ್ದೆ ಸೀರೆಯಲ್ಲಿ ಬಂದಳು. ಮೂವತ್ತರ ಒಳಗಿನವಳು. ಒಂದು ಕಂಬಕ್ಕೆ ಒರಗಿ ಅತ್ತೆ ಪಾರ್ವತೆವ್ವ ಕೂತಿದ್ದಳು, ರುದ್ರಪ್ಪನ ತಾಯಿ. ದಾವೆಯಲ್ಲಿ ಅವಳನ್ನು ಯಾರೂ ಸಾಕ್ಷಿಗೆ ಕರೆದಿರಲಿಲ್ಲ. ಮಗನ ವಿರುದ್ಧ ಮುದುಕಿ ಏನು ಹೇಳಿಯಾಳು ಎಂದು ಸೊಸೆಯ ಕಡೆಯವರು ಬಿಟ್ಟಿದ್ದರು.

ಗಂಗವ್ವ ದೀಪದ ಮೇಲೆ ಅಂಗೈ ಚಾಚಿದಳು. ನಾನು ಕೋರ್ಟು ಬರೆದುಕೊಟ್ಟ ವಾಕ್ಯವನ್ನು ನಿಧಾನವಾಗಿ ಹೇಳಿದೆ. "ನನ್ನ ಗಂಡ ಮತ್ತು ರುದ್ರಪ್ಪ ಇವರ ನಡುವೆ ಹೊಲದ ವಾಟ್ನಿ ಆಗಿತ್ತು."

ಅವಳು ಹೇಳಲಿಲ್ಲ. ನಾನು ಮತ್ತೊಮ್ಮೆ ಹೇಳಿದೆ.

"ಆಗಿತ್ತಂತ ನಮ್ಮನಿಯವ್ರು ನನಗ ಹೇಳಿದ್ದ ಖರೆ ಐತ್ರಿ. ಆದ್ರ ಆ ದಿನಾ ನಾ ಇಲ್ಲಿ ಇರಲಿಲ್ಲ. ಹೆರಿಗಿಗಂತ ತವರಮನಿಗಿ ಹೋಗಿದ್ದೆ. ಅವ್ರು ಹೇಳಿದ್ದ ಹೇಳಿದ್ರ ಸಾಕಂತ ಕೋರ್ಟಿನ್ಯಾಗ ಹೂಂ ಅಂದೆ, ಕಣ್ಣೀಲೆ ಕಾಣದ್ದ ಹೆಂಗ ಹೇಳ್ಲಿ?"

ಅವಳ ವಕೀಲ ಪಕ್ಕದಲ್ಲೇ ಇದ್ದ. ಮೆಲ್ಲಗೆ ಕೇಳಿದ. "ನಿನ್ನ ಗಂಡ ಸುಳ್ಳ ಹೇಳತಿದ್ದನೇನವ್ವ?"

"ಇಲ್ರಿ."

"ಮತ್ತ ಅಂವ ಹೇಳಿದ್ದು ಖರೇನ ಆತಲ್ಲ?"

"ಖರೇನ ಇರಬೇಕ್ರಿ. ಆದ್ರ ನಾ ಕಂಡಿಲ್ಲ." ನನ್ನ ಕಡೆಗೆ ತಿರುಗಿದಳು. "ಅವ್ರು ನನಗ ಹೇಳಿದ್ರು ಅಂತ ಆಣಿ ಮಾಡತೇನ್ರಿ. ನಡೀತೈತೇನ್ರಿ?"

ನಾನು ಉತ್ತರಿಸುವ ಮೊದಲೇ ರುದ್ರಪ್ಪ ಅಂದ. "ಅದೆಲ್ಲಾ ಆಗೂದಿಲ್ಲ. ಕೋರ್ಟಿನ್ಯಾಗ ಬರದದ್ದ ಹೇಳಬೇಕ."

ಕಾನೂನಿನ ಪ್ರಕಾರ ಅವನು ಹೇಳಿದ್ದು ಸರಿ. ಒಪ್ಪಿದ ಆಣೆಯ ಒಂದು ಶಬ್ದ ಬದಲಿಸುವ ಅಧಿಕಾರ ನನಗಿರಲಿಲ್ಲ.  ಗಂಗವ್ವ ಕೈ ಹಿಂದಕ್ಕೆ ತೆಗೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು. "ಆಣೆ ಮಾಡಲು ಒಪ್ಪಲಿಲ್ಲ. ಕಾರಣ, ಸ್ವತಃ ಕಂಡಿಲ್ಲ" ಎಂದು ನಾನು ಬರೆದುಕೊಂಡೆ. ಜನ ಗುಜುಗುಜು ಅನ್ನುತ್ತ ಹೊರಟರು. ಹಂಚಿಕೆ ನಿಜವಾಗಿದ್ದರೆ ಮಾಡುತ್ತಿದ್ದಳಲ್ಲ ಎಂದು ಒಬ್ಬ ಅಂದದ್ದು ಅವಳಿಗೂ ಕೇಳಿಸಿತು.

ವಾಪಸು ಬರುವ ಬಸ್ಸಿನಲ್ಲಿ ನನಗೆ ಹೊಳೆಯಿತು. ಅವಳು ತವರಿನಲ್ಲಿದ್ದಳೆಂಬುದು ರುದ್ರಪ್ಪನಿಗೆ ಗೊತ್ತಿತ್ತು. ಅವಳು ಎಂಥವಳೆಂಬುದೂ ಗೊತ್ತಿತ್ತು. ಕಾಣದ್ದನ್ನು ಕಂಡೆನೆಂದು ದೀಪದ ಮುಂದೆ ಹೇಳುವವಳಲ್ಲ ಎಂಬ ಭರವಸೆಯ ಮೇಲೆಯೇ ಅವನು ಪಣ ಕಟ್ಟಿದ್ದ.

ಮರುದಿನ ಪಡಸಾಲೆಯಲ್ಲಿ ಇದನ್ನೆಲ್ಲ ಆಚಾರ್ಯರಿಗೆ ಹೇಳಿದೆ. ತರ್ಕದಲ್ಲಿ 'ಪ್ರಮಾಣ' ಎಂದರೆ ತಿಳಿವಳಿಕೆ ಬರುವ ದಾರಿ, ಕೋರ್ಟಿನಲ್ಲಿ 'ಪ್ರಮಾಣ' ಎಂದರೆ ಆಣೆ. ಕಂಡು ತಿಳಿದದ್ದು ಬೇರೆ, ನಂಬಿಕೆಯವರು ಹೇಳಿ ತಿಳಿದದ್ದು ಬೇರೆ ಎಂದು ತರ್ಕದವರು ಮೊದಲ ಪಾಠದಲ್ಲೇ ಹೇಳುತ್ತಾರಂತೆ. ಆಚಾರ್ಯರು ಅದನ್ನು ವಿವರಿಸತೊಡಗಿದರು. ನಾನು ನಡುವೆ ತಡೆದೆ. ಆವತ್ತು ನನಗೆ ಸಿಟ್ಟು ಬಂದಿತ್ತು.

"ಅದೆಲ್ಲಾ ಇರಲ್ರಿ. ದೇವರಿಗೆ ಅಂಜಿದಾಕಿ ಹೊಲ ಕಳಕೊಳ್ಳಾಕತ್ತಾಳ. ಅಂಜದಾಂವ ದೇವರ ಗುಡೀನ್ನ ಮೀನ ಹಿಡಿಯೂ ಬಲಿಯಂಗ ಬೀಸಿ ಅಕಿನ್ನ ಹಿಡದ. ನಿಮ್ಮ ದೇವರು ಅಲ್ಲೇ ಇದ್ನಲ್ಲ, ಎದುರಿಗಿ. ನೋಡಕೋತ ಕುಂತಿದ್ನೇನ್ರಿ?"

ಆಚಾರ್ಯರು ಬುತ್ತಿಯನ್ನು ಅರ್ಧಕ್ಕೇ ಕಟ್ಟಿಟ್ಟರು. ಅಷ್ಟರಲ್ಲಿ ಪಟ್ಟೇವಾಲಾ ಬಂದ.

ಮುಂದಿನ ತಾರೀಖಿಗೆ ಗಂಗವ್ವನ ವಕೀಲ ಒಬ್ಬ ಹೊಸ ಸಾಕ್ಷಿಯನ್ನು ಕರೆಯಲು ಅನುಮತಿ ಕೇಳಿದ. ಪಾರ್ವತೆವ್ವ. ಮುದುಕಿಯೇ ಹೇಳಿಕಳಿಸಿದ್ದಳಂತೆ. ರುದ್ರಪ್ಪನ ಮುಖ ನೋಡುವ ಹಾಗಿರಲಿಲ್ಲ. ಮುದುಕಿ ಕಟಕಟೆಯ ಕಟ್ಟಿಗೆ ಹಿಡಿದು ನಿಂತಳು. ನಾನು ಹೇಳಿಕೊಟ್ಟ ಪ್ರಮಾಣವನ್ನು ನನಗಿಂತ ಗಟ್ಟಿಯಾಗಿ ಹೇಳಿದಳು. ಆಮೇಲೆ ವಕೀಲ ಕೇಳುವ ಮೊದಲೇ ಶುರು ಮಾಡಿದಳು.

"ವಾಟ್ನಿ ಆಗೈತ್ರಿ. ಹೊಲಾ ಅಳೆಯೂವಾಗ ಹಗ್ಗದ ಒಂದು ತುದಿ ದೊಡ್ಡಾಂವ ಹಿಡಿದಿದ್ದ, ಒಂದು ತುದಿ ಇಂವ ಹಿಡಿದಿದ್ದ. ಬದುವಿನ ಮ್ಯಾಲ ನಾ ಕುಂತಿದ್ದೆ. ಇಬ್ಬರಿಗೂ ಬುತ್ತಿ ನಾನ ಒಯ್ದಿದ್ದೆ."

ರುದ್ರಪ್ಪನ ವಕೀಲ ಎದ್ದ. "ಇಷ್ಟು ದಿನ ಯಾಕ ಸುಮ್ನಿದ್ದಿ?"

"ಸತ್ತಾಂವ ಸತ್ತ. ಇದ್ದ ಒಬ್ಬ ಮಗನ್ನ ಯಾಕ ಕಳಕೊಳ್ಳೂದಂತ ಸುಮ್ನಿದ್ದೆ. ಅಕಿ ದೀಪದ ಮ್ಯಾಲಿಂದ ಕೈ ತಗದ್ಲಲ್ರಿ, ಆಗ ನನ್ನ ಕೈ ಸುಟ್ಟಂಗ ಆತು."

ದಾವೆ ಗಂಗವ್ವನ ಕಡೆ ಆಯಿತು. ನನಗೆ ತೀರ್ಪಿಗಿಂತ ಹೆಚ್ಚು ನೆನಪಿರುವುದು ಮುದುಕಿ ಸಾಕ್ಷಿ ಹೇಳಿದ ದಿನದ ಸಂಜೆ. ಅವಳು ಬಂದದ್ದು ಸೊಸೆಯ ಕಡೆಯವರ ಜೊತೆ. ಹೋಗುವಾಗ ರುದ್ರಪ್ಪ ತನ್ನ ಚಕ್ಕಡಿಯನ್ನು ಅವಳ ಮುಂದೆ ತಂದು ನಿಲ್ಲಿಸಿದ.  ಗೋಣಿಚೀಲ ಮಡಿಸಿ ಹಾಸಿ ಪಕ್ಕಕ್ಕೆ ನಿಂತ. ಮುದುಕಿ ಅವನ ಹೆಗಲು ಹಿಡಿದು ಹತ್ತಿದಳು. ಆ ಮನೆಯಲ್ಲಿ ಆಮೇಲೆ ಏನಾಯಿತೋ ನನಗೆ ತಿಳಿಯದು. ಕೋರ್ಟಿನವರಿಗೆ ಬೇರೆಯವರ ಬದುಕಿನ ನಡುವಿನ ಹಾಳೆಗಳಷ್ಟೇ ಓದಲು ಸಿಗುತ್ತವೆ.

ಆಚಾರ್ಯರು ಅಂದು ಉತ್ಸಾಹದಲ್ಲಿದ್ದರು. "ಕೇಳಿದ್ಯಲ್ಲ, ದೇವರು ನೋಡಕೋತ ಕುಂತಿದ್ನೇನಂತ? ಮುದಕಿ ಎದಿಯಾಗ ಕುಂತಿದ್ದ."

"ಮುದಕಿ ಹೆಸರ ಪಾರ್ವತೆವ್ವ ಅಂತ್ರಿ. ಮಾಡಿದಾಕಿ ಅಕಿ. ಹೆಸರ ದೇವರಿಗ್ಯಾಕ?"

"ಮತ್ತ ಹೆಂಗ ಬರಬೇಕಿತ್ತು ಅಂವ? ಪೇಟಾ ಸುತ್ತಕೊಂಡು ಬಸ್ಸಿನ್ಯಾಗ ಬರಬೇಕಿತ್ತೇನು?"

"ಬರೂದಿತ್ತಂದ್ರ ಮದಲ ದಿನಾನ ಬರಬೇಕಿತ್ರಿ. ಅಕಿ ಅಷ್ಟು ದಿನಾ ಅತ್ತದ್ದ ಯಾರ ಲೆಕ್ಕಕ್ಕ?"

ಇಬ್ಬರ ಮಾತೂ ಹಾಗೇ ಉಳಿಯಿತು. ಇವತ್ತಿಗೂ ನನಗೆ ಮುದುಕಿಯ ಮಾತಿನಲ್ಲಿ ದೇವರ ಕೈವಾಡ ಕಾಣುವುದಿಲ್ಲ. ಆದರೆ ಆಚಾರ್ಯರಿಗೆ ಕಂಡದ್ದು ಸುಳ್ಳು ಎಂದು ತೋರಿಸುವ ದಾರಿಯೂ ನನಗೆ ಸಿಕ್ಕಿಲ್ಲ.

ರಾಜ್ಯಗಳು ಒಂದಾದ ಮೇಲೆ ನಾವು ಮೈಸೂರು ರಾಜ್ಯದವರಾದೆವು. ನನಗೆ ಹುಕ್ಕೇರಿಗೆ ವರ್ಗವಾಯಿತು. ಆಚಾರ್ಯರು ನಿವೃತ್ತರಾಗಿ ಆಗಲೇ ಹುಕ್ಕೇರಿಯ ತಮ್ಮ ಮನೆಗೆ ಬಂದಿದ್ದರು. ಮನೆಯಲ್ಲಿ ಹೊತ್ತು ಹೋಗದೆ ಕೋರ್ಟಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಕಾಗದಪತ್ರದ ಭಾಷೆ ಬದಲಾಯಿತು. ಮರಾಠಿ ಶಬ್ದಗಳು ಹೋಗಿ ದಕ್ಷಿಣದ ಕನ್ನಡ ಬಂತು. ಪ್ರಮಾಣವಚನವೂ ಹೊಸ ಕನ್ನಡದಲ್ಲಿ ಬಂತು. "ಸತ್ಯವನ್ನಲ್ಲದೆ ಮತ್ತೇನನ್ನೂ ಹೇಳುವುದಿಲ್ಲ" ಎಂಬುದನ್ನು ನಮ್ಮ ರೈತರು ಅರ್ಧ ನುಂಗಿ "ಸತ್ಯ ಹೇಳೂದಿಲ್ಲ" ಎಂದು ಮುಗಿಸುತ್ತಿದ್ದರು. ಸಾಹೇಬರು ನಗು ತಡೆಯುತ್ತಿದ್ದರು. ಕೆಲವು ದಿನ ನೋಡಿ ನಾನು ಮೊದಲಿನ ಮಾತಿನಲ್ಲೇ ಹೇಳಿಕೊಡಲು ಅಪ್ಪಣೆ ಪಡೆದೆ.

ಆ ಕಾಲದಲ್ಲಿ ಬಂದವನು ಘೋಡಗೇರಿಯ ಸಿದ್ರಾಮ. ಕೂಲಿ ಮಾಡುವವನು. ತನ್ನ ಕೇರಿಯವರ ಜೊತೆ ಬೌದ್ಧ ಧರ್ಮಕ್ಕೆ ಸೇರಿದ್ದ. ಶಿವಗೌಡ ಎಂಬ ಹೊಲದ ಮಾಲಕ ಮತ್ತು ಅವನ ಬಾಜೂ ಹೊಲದವನ ನಡುವೆ ಗಡಿಕಲ್ಲಿನ ಜಗಳ. ಆ ಬಾಜೂದವನು ಕಲ್ಲು ಕಿತ್ತು ಶಿವಗೌಡನ ಹೊಲದೊಳಕ್ಕೆ ನೆಟ್ಟದ್ದನ್ನು ಕಂಡವನು ಸಿದ್ರಾಮ ಒಬ್ಬನೇ. ಶಿವಗೌಡನೇ ಅವನನ್ನು ಸಾಕ್ಷಿಗೆ ಕರೆಸಿದ್ದ. ನಾನು "ದೇವರ ಸಾಕ್ಷಿಯಾಗಿ" ಎಂದೆ. ಸಿದ್ರಾಮ ತಲೆ ಅಲ್ಲಾಡಿಸಿದ.

"ನಾ ದೇವರ ಹೆಸರ ತಗೊಳ್ಳೂದಿಲ್ರಿ. ಬಿಟ್ಟೇನಿ."

ಎದುರಿನ ವಕೀಲ ಕೂಡಲೆ ಎದ್ದ. "ದೇವರಿಲ್ಲ ಅನ್ನುವವನ ಮಾತಿಗೆ ಬೆಲೆ ಏನು?" ಸಾಹೇಬರು ಅವನನ್ನು ಕೂರಿಸಿ, ದೇವರ ಹೆಸರಿಲ್ಲದೆ ಪ್ರತಿಜ್ಞೆ ಮಾಡಿಸಲು ನನಗೆ ಹೇಳಿದರು. ಕಾನೂನಿನಲ್ಲಿ ಅದಕ್ಕೆ ದಾರಿ ಮೊದಲಿನಿಂದಲೂ ಇತ್ತು, ಕೇಳಿದವರು ಕಡಿಮೆ. ಸಿದ್ರಾಮ ಪ್ರತಿಜ್ಞೆ ಮಾಡಿ ಕಂಡದ್ದನ್ನು ಹೇಳಿದ. ಪಾಟಿಸವಾಲಿನಲ್ಲಿ ವಕೀಲ ಮತ್ತೆ ಅಲ್ಲಿಗೇ ಬಂದ.

"ದೇವರಿಲ್ಲಂದ್ರ ಸುಳ್ಳ ಹೇಳಾಕ ನಿನಗ ಯಾರ ಅಂಜಿಕಿ?"

"ನಾ ಸುಳ್ಳ ಹೇಳಿದ್ರ ಗೌಡರ ಹೊಲ ಹೋಗತೈತ್ರಿ. ಅದನ್ನ ತಿಳಕೊಳ್ಳಾಕ ದೇವರ್ಯಾಕ ಬೇಕು?"

"ಗೌಡನ ಮ್ಯಾಲ ಅಷ್ಟು ಪ್ರೀತಿ ಏನು?"

ಸಿದ್ರಾಮ ಶಿವಗೌಡನ ಕಡೆ ನೋಡಿದ. "ಅವರ ಬಾವಿ ನೀರ ನಮ್ಮ ಕೇರಿಗಿ ಕೊಡೂದಿಲ್ರಿ. ನಮ್ಮವ್ವ ಬ್ಯಾಸಗ್ಯಾಗ ಹೊಳಿಗಿ ಹೋಗಿ ನೀರ ತರತಾಳ. ಪ್ರೀತಿ ಎಲ್ಲಿದು? ಕಲ್ಲ ಕಿತ್ತದ್ದ ಕಂಡೇನಿ, ಹೇಳೇನಿ."

ಶಿವಗೌಡ ತಲೆ ತಗ್ಗಿಸಿದ. ದಾವೆ ಗೆದ್ದ. ಬಾವಿಯನ್ನು ಆ ಕೇರಿಗೆ ಬಿಟ್ಟನೇ ಎಂದು ಹೊಸಬರು ಕೇಳಬಹುದು. ನಾನು ಹುಕ್ಕೇರಿಯಲ್ಲಿ ಇರುವವರೆಗೂ ಬಿಟ್ಟದ್ದು ಕೇಳಲಿಲ್ಲ.

ಸಂಜೆ ಆಚಾರ್ಯರ ಜೊತೆ ಅವರ ಮನೆಯವರೆಗೆ ನಡೆದೆ. ದೇವರ ಅಂಜಿಕೆ ಇಲ್ಲದಿದ್ದರೆ ಲೋಕದಲ್ಲಿ ಸತ್ಯ ನಿಲ್ಲುವುದಿಲ್ಲ ಎಂಬುದು ಅವರು ಬಹಳ ವರ್ಷ ಹಿಡಿದಿದ್ದ ವಾದ. ನಾನು ಅದನ್ನು ನೆನಪಿಸುವ ಮೊದಲೇ ಅವರು ಹೇಳಿದರು.

"ಆ ವಾದ ಇನ್ನ ಬಿಟ್ಟೆನಪಾ. ಹುಡುಗ ನಿಂತ ನೋಡು, ಯಾರ ಆಸರಾನೂ ಇಲ್ಲದ."

"ಹಂಗಾದ್ರ ಒಪ್ಪಿದ್ರಿ?"

"ಆ ವಾದ ಬಿಟ್ಟೆ ಅಂದೆ. ದೇವರನ್ನ ಬಿಟ್ಟೆ ಅನ್ನಲಿಲ್ಲ. ಹುಡುಗ ನಿಂತ ನೆಲ ಯಾರದು ಅನ್ನೂದು ಇನ್ನೂ ಉಳದದ."

ಅದಾದ ಕೆಲವು ವರ್ಷಕ್ಕೆ ಆಚಾರ್ಯರಿಗೇ ಸಮನ್ಸು ಬಂತು. ಅವರ ಮನೆಯ ಪಕ್ಕದಲ್ಲಿ ವೆಂಕಣ್ಣ ಎಂಬವರಿದ್ದರು. ಬಾಲ್ಯದಿಂದ ಗೆಳೆಯರು, ಸಂಜೆ ಕಟ್ಟೆಯ ಮೇಲೆ ಒಟ್ಟಿಗೆ ಕೂರುವವರು. ವೆಂಕಣ್ಣನವರ ಗೋಡೆಯ ಕಿಟಕಿಗೆ ಅಡ್ಡವಾಗಿ ಆಚೆ ಮನೆಯವನು ಹೊಸ ಗೋಡೆ ಎಬ್ಬಿಸಿದ್ದ. ಕಿಟಕಿ ಹಳೆಯ ಕಾಲದ್ದು ಎಂದು ತೋರಿಸಿದರೆ ವೆಂಕಣ್ಣನವರಿಗೆ ಬೆಳಕು ಉಳಿಯುತ್ತಿತ್ತು. ಅದನ್ನು ಹೇಳಬಲ್ಲ ವಯಸ್ಸಿನವರು ಆ ಓಣಿಯಲ್ಲಿ ಆಚಾರ್ಯರೊಬ್ಬರೇ.

ಆಚಾರ್ಯರು ಕೋಲು ಊರಿಕೊಂಡು ಕಟಕಟೆ ಹತ್ತಿದರು. ಎದುರಿಗೆ ನಾನು. ಅವರೇ ಕಲಿಸಿದಂತೆ ಸಾವಕಾಶವಾಗಿ "ದೇವರ ಸಾಕ್ಷಿಯಾಗಿ" ಎಂದೆ. ಅವರು ಕೈ ಎತ್ತಿ ತಡೆದರು.

"ಇನ್ನೊಂದನ್ನ ಹೇಳಿಕೊಡು, ಚೌಗಲಾ" ಎಂದರು.

ನನಗೆ ತಿಳಿಯಲಿಲ್ಲ. ಸಾಹೇಬರು ತಲೆ ಎತ್ತಿ ನೋಡಿದರು. ಕಟಕಟೆಯಲ್ಲಿದ್ದವರು ಹಣೆಯ ಮೇಲೆ ನಾಮ, ಅಕ್ಷತೆ ಎಲ್ಲ ಇದ್ದ ಮುದುಕರು.

"ಆಚಾರ್ಯರೇ, ನೀವು ದೇವರನ್ನು ನಂಬುವುದಿಲ್ಲವೇ?"

"ನಂಬತೀನಿ, ಸಾಹೇಬರ. ಅದಕ್ಕ ಬ್ಯಾಡ ಅಂತೀನಿ. ವಯಸ್ಸಾತು. ನೆನಪು ಮದಲಿನಂಗ ಉಳದಿಲ್ಲ. ಕಂಡದ್ದು ಎಷ್ಟು, ಗೆಳೆಯಾನ ಬಾಯಿಂದ ಕೇಳಿ ಕೇಳಿ ಕಂಡೆ ಅಂತ ಅನ್ಸೂದು ಎಷ್ಟು, ನನಗ ಗೊತ್ತಾಗವಲ್ದು. ನಾ ತಪ್ಪಿದ್ರ ತಪ್ಪು ನನ್ನ ತಲಿ ಮ್ಯಾಲ ಇರಲಿ. ನನ್ನ ಮರವಿಗೆ ಅವನ್ನ ಸಾಕ್ಷಿ ಮಾಡಲಾರೆ."

ದೇವರ ಹೆಸರಿಲ್ಲದ ಪ್ರತಿಜ್ಞೆಯನ್ನು ನಾನು ಹೇಳಿಕೊಟ್ಟೆ, ಅವರು ನನ್ನ ಹಿಂದೆ ಹೇಳಿದರು. ಕಿಟಕಿಯನ್ನು ಚಿಕ್ಕಂದಿನಲ್ಲಿ ಕಂಡ ಹಾಗೆ ಅನಿಸುತ್ತದೆ, ಖಚಿತವಾಗಿ ಹೇಳಲಾರೆ ಎಂದರು. ವೆಂಕಣ್ಣನವರ ವಕೀಲ ಬೇರೆ ಬೇರೆ ರೀತಿಯಲ್ಲಿ ಕೇಳಿದ. ಅವರು ಅಷ್ಟೇ ಹೇಳಿದರು, ಒಂದು ಅಕ್ಷರ ಹೆಚ್ಚಿಲ್ಲ.

ಸಾಕ್ಷಿದಾರ ಪ್ರಾಮಾಣಿಕ, ಆದರೆ ಅವರ ನೆನಪನ್ನು ಆಧರಿಸಿ ತೀರ್ಮಾನಿಸಲಾಗದು ಎಂದು ಸಾಹೇಬರು ಬರೆದರು. ವೆಂಕಣ್ಣನವರು ಸೋತರು. ಹೊಸ ಗೋಡೆ ಹಾಗೇ ನಿಂತಿತು.

ಕೆಲವು ದಿನ ಬಿಟ್ಟು ಆಚಾರ್ಯರನ್ನು ನೋಡಲು ಹೋದೆ. ಸಂಜೆ ಹೊತ್ತು. ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಪಕ್ಕದ ಮನೆಯ ಬಾಗಿಲು ಹಾಕಿತ್ತು. ನಾನು ಪಕ್ಕದಲ್ಲಿ ಕೂತೆ. ವಾದ ತೆಗೆಯುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಪಕ್ಕದ ಬಾಗಿಲು ನೋಡಿ ನಾನು ಕೇಳಿದೆ.

"ವೆಂಕಣ್ಣನವ್ರು ಬರತಾರೇನ್ರಿ?"

"ಇಲ್ಲ. ಮಾತು ಬಿಟ್ಟಾನ."

"ದೇವರು?"

ಆಚಾರ್ಯರು ಕೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡರು. "ಅಂವ ಹೆಂಗಿದ್ನೋ ಹಂಗ ಅದಾನ. ಅಂವ ಮದಲೂ ಮಾತಾಡತಿರಲಿಲ್ಲ" ಎಂದು ಹೇಳಿ, ನನ್ನ ಕಡೆಗೆ ನೋಡಿ ನಕ್ಕರು.